ಉದ್ಯಮ ಸಂಶೋಧನೆಯ ಲೋಕೋಪಯೋಗ: ಉಡುಪಿ ಸೀಮೆಯ ಅನುಭವ

ವಾಣಿಜ್ಯ ಸಂಸ್ಥೆಗಳು ತಮ್ಮ ಪ್ರಯೋಗಶಾಲೆಗಳಲ್ಲಿ ವಿಶೇಷಜ್ಞರನ್ನಿರಿಸಿಕೊಂಡು, ಇಂದಿನ ಲಾಭಕ್ಕಾಗಿಯೋ ನಾಳಿನ ವ್ಯಾಪಾರದ ನಿರೀಕ್ಷೆಯಿಂದಲೋ ನಡೆಸುವ ತಾಂತ್ರಿಕ ಶೋಧನೆಗಳು, ಆ ಶಾಲೆಗಳ ಪ್ರಾಕಾರವನ್ನು ದಾಟಿ, ಶಾಸ್ತ್ರದ ಪರಿಚಯವಿಲ್ಲದ ಗೃಹಸ್ಥ, ಮೀನುಗಾರ, ಗುಮಾಸ್ತ, ವಿದ್ಯಾರ್ಥಿ ಮೊದಲಾದವರ ಕೈಗೆ ನಿತ್ಯದ ಬಳಕೆಯ ವಸ್ತುಗಳಾಗಿ ಬಂದು ಸೇರುವ ಕ್ರಮವನ್ನು ಉದ್ಯಮ ಸಂಶೋಧನೆಯ ಲೋಕೋಪಯೋಗವೆನ್ನಬಹುದು. ಈ ಕ್ರಮವು ತಾನಾಗಿಯೇ ನಡೆದುಬರುವಂಥದೆಂದು ಭಾವಿಸುವವರುಂಟು. ಇತಿಹಾಸವು ಆ ಭಾವನೆಯನ್ನು ಸಮರ್ಥಿಸುವುದಿಲ್ಲ. ಶೋಧಿಸಿದ ಸಂಸ್ಥೆಗೂ ಬಳಸುವ ಮನುಷ್ಯನಿಗೂ ನಡುವೆ, ಆ ಮನುಷ್ಯನ ಭಾಷೆಯನ್ನೂ ಬೆರಳಿನ ಅಭ್ಯಾಸವನ್ನೂ ಅವನು ತೆರಬಲ್ಲ ಬೆಲೆಯನ್ನೂ ಬಲ್ಲ ಮೂರನೆಯವನೊಬ್ಬನು ನಿಂತು, ಶೋಧನೆಗೆ ಇನ್ನೊಮ್ಮೆ ರೂಪುಗೊಟ್ಟಲ್ಲದೆ ಅದು ಬಳಕೆಗೆ ಬಾರದು. 1997ರಲ್ಲಿ ದಕ್ಷಿಣ ಕನ್ನಡದಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯೆನಿಸಿದ ಉಡುಪಿ ಸೀಮೆಯು ಈ ಮೂರನೆಯವನ ಕೆಲಸಕ್ಕೆ ಒಳ್ಳೆಯ ನಿದರ್ಶನ. ಲೋಕವನ್ನು ಬೆರಗುಗೊಳಿಸಿದ ಮೂಲಶೋಧನೆಗಳು ಇಲ್ಲಿ ಹುಟ್ಟಿದುವೆಂದು ಹೇಳುವಂತಿಲ್ಲ. ಎಲ್ಲಿಯೋ ಹುಟ್ಟಿದ್ದನ್ನು ಇಲ್ಲಿನವರ ಕೈಗೆ ಹೊಂದುವಂತೆ ತಿದ್ದಿದ ಕಾರ್ಯವಂತೂ ಈ ನೆಲದಲ್ಲಿ ಪದೇ ಪದೇ ನಡೆದಿದೆ.

ಶೋಧಿಸಿದವರೇ ಅದರ ಪ್ರಯೋಜನವನ್ನು ಜನಕ್ಕೆ ಮುಟ್ಟಿಸಲಾರದೆ ಹೋದುದಕ್ಕೆ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಕಥೆ ಪ್ರಸಿದ್ಧವಾದುದು. ಆ ಸಂಸ್ಥೆ 1970ರಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋ ನಗರದಲ್ಲಿ ಸ್ಥಾಪಿಸಿದ ಸಂಶೋಧನ ಕೇಂದ್ರದಲ್ಲಿ, ಮೌಸಿನಿಂದ ನಡೆಸಬಹುದಾದ, ಕಾಗದದ ಮೇಲೆ ಅಚ್ಚಾಗುವ ರೂಪದಲ್ಲಿಯೇ ಅಕ್ಷರಗಳನ್ನು ಪರದೆಯ ಮೇಲೂ ತೋರಿಸುವ ಆಲ್ಟೋ ಎಂಬ ಗಣಕಯಂತ್ರವು 1973ರಷ್ಟು ಹಿಂದೆಯೇ ಸಿದ್ಧವಾಗಿತ್ತು. ಆದರೆ ಅದರ ವಂಶದ ಸ್ಟಾರ್ ಎಂಬ ಯಂತ್ರವನ್ನು ಸಂಸ್ಥೆ ಮಾರಾಟಕ್ಕೆ ತಂದುದು 1981ರಲ್ಲಿ, ಅದೂ ಸುಮಾರು ಹದಿನಾರು ಸಾವಿರ ಡಾಲರುಗಳ ಬೆಲೆಗೆ. ಅಷ್ಟರೊಳಗೆ, 1979ರಲ್ಲಿ, ಆ ಕೇಂದ್ರವನ್ನು ಸಂದರ್ಶಿಸಿ ಹೋಗಿದ್ದ ಆಪಲ್ ಸಂಸ್ಥೆಯವರು ಅದೇ ಭಾವನೆಗಳನ್ನು ಬೇರೆ ರೀತಿಯಲ್ಲಿ ಬೆಳೆಸಿ 1984ರಲ್ಲಿ ಮ್ಯಾಕಿಂಟಾಷ್ ಯಂತ್ರವನ್ನು ಮನೆಮನೆಗೆ ಮಾರತೊಡಗಿದರು. ಜೆರಾಕ್ಸಿನವರೇ ಆದ ಜೋ ಬೆಕರ್ ಎಂಬವರು 1988ರಲ್ಲಿ ಜಗತ್ತಿನ ಸಕಲ ಲಿಪಿಗಳಿಗೂ ಒಂದೇ ಸಂಕೇತಮಾಲೆಯಿರಬೇಕೆಂದು ಮಂಡಿಸಿದ ಯೋಜನೆಯೇ ಮುಂದೆ ಯುನಿಕೋಡ್ ಎನಿಸಿತು. ಈ ಎರಡು ಶಾಖೆಗಳೂ ಕಾಲಾಂತರದಲ್ಲಿ ಉಡುಪಿಯನ್ನು ಮುಟ್ಟಿದುವೆಂಬುದು ಮುಂದೆ ತಿಳಿದುಬರುವುದು.

ಕರಾವಳಿಯಲ್ಲಿ ಈ ಬಗೆಯ ರೂಪಾಂತರಕ್ಕೆ ಅತ್ಯಂತ ಹಳೆಯ ಉದಾಹರಣೆ ಮನೆಯ ಮಾಡಿನ ಮೇಲೆಯೇ ಇದೆ. ಒಂದಕ್ಕೊಂದು ಕೊಂಡಿಗೂಡಿ ನಿಲ್ಲುವ ಹೆಂಚಿಗೆ ಅಲ್ಸೇಸ್ ಪ್ರಾಂತದ ಜಿಲಾರ್ಡೋನಿ ಸೋದರರು 1841ರಲ್ಲಿ ಸ್ವಾಮ್ಯ ಪಡೆದರು. ಆ ಜಾತಿಯ ಹೆಂಚನ್ನು ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ಮಾಡಬಹುದೆಂದು ಕಂಡುಕೊಂಡ ಬಾಸೆಲ್ ಮಿಶನ್ನಿನ ಗಿಯಾರ್ಗ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದನು. ಮಳೆಗಾಲ ಸಮೀಪಿಸುತ್ತಿದ್ದಂತೆ ಮುಳಿಹುಲ್ಲಿಗಾಗಿ ಗುಡ್ಡ ಹತ್ತಬೇಕಾಗಿದ್ದ ಕಾರ್ಕಳ, ಉಡುಪಿಗಳ ಒಕ್ಕಲುಗಳಿಗೆ ಬೆಂಕಿಯ ಭಯವನ್ನೂ ವರ್ಷವರ್ಷದ ಹೊದಿಕೆಯ ಶ್ರಮವನ್ನೂ ತಪ್ಪಿಸಿದ ವಸ್ತು ಅದು.

ಕಡಲತಡಿಯಲ್ಲಿ ನಡೆದುದು ಇದಕ್ಕಿಂತ ಜಟಿಲವಾದುದು. ಡ್ಯೂಪಾಂಟ್ ಎಂಬ ಅಮೆರಿಕದ ರಾಸಾಯನಿಕ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ವ್ಯಾಲೇಸ್ ಕರೋಥರ್ಸ್ 1935ರಲ್ಲಿ ಸೃಷ್ಟಿಸಿದ ನೈಲಾನ್ 1940ರಲ್ಲಿ ಸ್ತ್ರೀಯರ ಕಾಲುಚೀಲವಾಗಿ ಪೇಟೆಗೆ ಬಂದಿತು. ಅದರ ನಿಜವಾದ ಉಪಕಾರವನ್ನು ಕಂಡವರು ಮೀನುಗಾರರು. ಹತ್ತಿಯ ಹಾಗೂ ನಾರಿನ ಬಲೆಗಳು ಉಪ್ಪುನೀರಿನಲ್ಲಿ ಕೊಳೆಯದಂತೆ ಅವನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ, ಬಿಸಿಲಿಗೆ ಹರವಿ, ಒಣಗಿಸಿ, ಮತ್ತೆ ಹೊಲಿದುಕೊಳ್ಳುವುದರಲ್ಲಿಯೇ ಕಾಪು, ಮಲ್ಪೆ, ಪಡುಬಿದ್ರಿಗಳ ಮೊಗವೀರರ ಎಷ್ಟೋ ದಿನಗಳು ಕಳೆಯುತ್ತಿದ್ದುವು. ಕೊಳೆಯದ ನೂಲು ಆ ದಿನಗಳನ್ನು ಉಳಿಸಿಕೊಟ್ಟಿತು. ಆದರೆ ಅದೇ ನೂಲಿನಿಂದ ಹೆಣೆದ ಬೃಹತ್ತಾದ ಬಲೆಗಳನ್ನು ಯಂತ್ರದ ದೋಣಿಗಳಿಂದ ಬೀಸುವ ಪರ್ಸೀನ್ ಪದ್ಧತಿಯು 1970ರ ದಶಕದ ಉತ್ತರಾರ್ಧದಲ್ಲಿ ಈ ಕರಾವಳಿಗೆ ಬಂದಾಗ, ಹತ್ತಾರು ಜನ ದಡದಲ್ಲಿ ನಿಂತು ಒಟ್ಟಾಗಿ ಎಳೆದು, ಬಂದುದನ್ನು ಪಾಲುಮಾಡಿಕೊಳ್ಳುತ್ತಿದ್ದ ರಂಪಣಿಯು ಕೆಲವೇ ವರ್ಷಗಳಲ್ಲಿ ಕ್ಷೀಣಿಸಿತು. ಬಂಡವಾಳವುಳ್ಳವನಿಗೆ ಲಭಿಸಿದ ಸಲಕರಣೆಯನ್ನು ಲೋಕಕ್ಕೇ ಲಭಿಸಿತೆಂದು ಬರೆಯುವ ವಾಡಿಕೆ ತಂತ್ರಜ್ಞಾನದ ಇತಿಹಾಸಗಳಲ್ಲಿ ಹೆಚ್ಚು. ರಂಪಣಿಯ ಅವಸಾನವನ್ನು ನೆನೆದರೆ ಆ ವಾಡಿಕೆಯನ್ನು ಒಪ್ಪುವುದು ಕಷ್ಟ.

ಧ್ವನಿತರಂಗದಿಂದ ಮೀನಿನ ಹಿಂಡನ್ನು ಗುರುತಿಸುವ ಉಪಕರಣವನ್ನು ಜಪಾನಿನ ಫುರುನೋ ಸೋದರರು 1948ರಲ್ಲಿ ವ್ಯಾಪಾರಯೋಗ್ಯವಾಗಿ ಮಾಡಿದರು. ಉಪಗ್ರಹಗಳಿಂದ ಸ್ಥಳವನ್ನು ತಿಳಿಯುವ ಜಿಪಿಎಸ್ ಸೇನೆಯ ಯೋಜನೆಯಾಗಿ ಹುಟ್ಟಿ, 2000ದ ಮೇ ತಿಂಗಳಲ್ಲಿ ಅಮೆರಿಕದ ಸರಕಾರವು ಅದರ ನಿಖರತೆಯ ಮೇಲಿದ್ದ ಕೃತಕ ನಿರ್ಬಂಧವನ್ನು ತೆಗೆದ ಬಳಿಕ ನಿಜವಾಗಿ ಸಾರ್ವಜನಿಕವಾಯಿತು. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭವನ್ನೂ, ಮೂಡಣದಲ್ಲಿ ಮಂಜಿಲ್ಲದ ದಿನ ಎದ್ದು ತೋರುವ ಕುದುರೆಮುಖದ ಶಿಖರವನ್ನೂ ಗುರುತಾಗಿಟ್ಟುಕೊಂಡು ದೋಣಿ ನಡೆಸುತ್ತಿದ್ದ ತಾಂಡೇಲನು ಇಂದು ಫಿಶ್ ಫೈಂಡರ್, ಜಿಪಿಎಸ್, ವಯರ್‌ಲೆಸ್ ಎಂಬ ಮೂರು ಪೆಟ್ಟಿಗೆಗಳ ಮುಂದೆ ಕುಳಿತಿರುತ್ತಾನೆ. ಅವುಗಳ ಪರದೆಯ ಬರಹ ಇಂಗ್ಲಿಷಾದರೂ ಅವನಿಗೆ ಅದರಿಂದ ಬಾಧಕವಿಲ್ಲ. ಬಲೆ ಸಿಕ್ಕಿ ಹರಿಯುವ ಬಂಡೆಯ ಸ್ಥಾನವನ್ನು ಅಂಕಿಗಳಲ್ಲಿ ಉಳಿಸಿಕೊಳ್ಳಲು ಅಕ್ಷರಜ್ಞಾನದ ಅಗತ್ಯ ಬೀಳುವುದಿಲ್ಲ. ಅಂಕಿ ಸಾಕಾಗುವಲ್ಲಿ ಪರದೇಶದ ಯಂತ್ರ ಇದ್ದಂತೆಯೇ ಸಲ್ಲುತ್ತದೆ. ಅಕ್ಷರ ಬೇಕಾದಲ್ಲಿ ಮಾತ್ರ ಅದನ್ನು ತಿರುಗಿ ಮಾಡಬೇಕಾಗುತ್ತದೆ.

ಅಂಕಿಯ ಪ್ರಸ್ತಾಪ ಬಂದುದರಿಂದ ಪಿಗ್ಮಿಯ ವಿಷಯವನ್ನೂ ಇಲ್ಲಿಯೇ ಹೇಳಿ ಮುಗಿಸಬಹುದು. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಇವರು 1925ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯು 1928ರಲ್ಲಿ ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಮನೆಬಾಗಿಲಿಗೇ ಹೋಗಿ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಪ್ರಯೋಗಶಾಲೆಯ ಸೋಂಕಿಲ್ಲದ ಈ ಯೋಜನೆ ತಂತ್ರಜ್ಞಾನವೆನಿಸದು. ಆದರೂ ಸಂಗ್ರಾಹಕನ ಕೈಯಲ್ಲಿದ್ದ ಪುಸ್ತಕದ ಜಾಗಕ್ಕೆ ಚೀಟಿ ಮುದ್ರಿಸುವ ಪುಟ್ಟ ಯಂತ್ರವು ಬಂದಾಗ ಜನರು ಅದನ್ನು ಅನುಮಾನಿಸದೆ ಒಪ್ಪಿದುದಕ್ಕೆ, ಯಂತ್ರವನ್ನು ಹಿಡಿದ ಕೈ ಬಹುಕಾಲದಿಂದ ಪರಿಚಿತವಾಗಿದ್ದುದೇ ಕಾರಣ.

ಲಿಪಿಯ ವಿಷಯದಲ್ಲಿ ಉಡುಪಿ ಸೀಮೆಯ ಕೊಡುಗೆ ಉಳಿದೆಲ್ಲಕ್ಕಿಂತ ಮಿಗಿಲಾದುದು. ಇದರ ಭೂಮಿಕೆಯನ್ನು ಸಿದ್ಧಗೊಳಿಸಿದುದು ಮಣಿಪಾಲದ ಮುದ್ರಣೋದ್ಯಮ. ಬಂಜರು ಗುಡ್ಡವಾಗಿದ್ದ ಮಣಿಪಾಲದಲ್ಲಿ 1941ರಲ್ಲಿ ಪವರ್ ಪ್ರೆಸ್ ಸ್ಥಾಪಿತವಾಯಿತು. 1953ರಲ್ಲಿ ವೈದ್ಯಕೀಯ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದುವು. 1970ರ ಜನವರಿ 1ರಂದು ಉದಯವಾಣಿ ದಿನಪತ್ರಿಕೆಯು ಅಲ್ಲಿಂದ ಹೊರಟಿತು. ಮುದ್ರಣದ ಅಂದಕ್ಕೆ ಅದು ಬೇಗನೆ ಹೆಸರಾಯಿತು. ಮುದ್ರಣವನ್ನು ಅಂದಗೊಳಿಸುವ ಹಂಬಲವುಳ್ಳ ಊರಿನಲ್ಲಿ ಅಕ್ಷರವನ್ನು ಕುರಿತು ಆಳವಾಗಿ ಯೋಚಿಸುವವರಿಗೆ ಆಶ್ರಯ ದೊರಕುವುದು ಸಹಜವೇ ಸರಿ.

ಕನ್ನಡದ ಅಕ್ಷರವನ್ನು ಯಂತ್ರಕ್ಕೆ ಒಗ್ಗಿಸುವುದರಲ್ಲಿರುವ ತೊಡಕು ಏನೆಂಬುದನ್ನು ಇಲ್ಲಿ ವಿವರಿಸಬೇಕು. ರೋಮನ್ ಲಿಪಿಯಲ್ಲಿ ಅಕ್ಷರಗಳು ಒಂದರ ಪಕ್ಕಕ್ಕೊಂದು ನಿಲ್ಲುವುವು. ಕನ್ನಡದಲ್ಲಾದರೋ ವ್ಯಂಜನದ ನೆತ್ತಿಯಲ್ಲಿ ತಲೆಕಟ್ಟು, ಗುಡಿಸು, ಬಲಕ್ಕೆ ಕೊಂಬು, ದೀರ್ಘ, ಕೆಳಗೆ ಒತ್ತು, ಮುಂದಕ್ಕೆ ಸರಿದು ನಿಲ್ಲುವ ಅರ್ಕಾವತ್ತು, ಹೀಗೆ ಒಂದೇ ಉಚ್ಚಾರಾಂಶವು ಹಲವು ತುಂಡುಗಳಿಂದ ಕಟ್ಟಲ್ಪಡುವುದು. ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಮೊಳೆ ಜೋಡಿಸುವವನು ನೂರಾರು ಮನೆಗಳುಳ್ಳ ಪೆಟ್ಟಿಗೆಯ ಮುಂದೆ ನಿಂತು ಆ ತುಂಡುಗಳನ್ನು ಆಯುತ್ತಿದ್ದನು. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯ ಕನ್ನಡ ಬೆರಳಚ್ಚು ಯಂತ್ರವು ತುಂಡುಗಳ ಸಂಖ್ಯೆಯನ್ನು ತಗ್ಗಿಸಿ ಕಚೇರಿಗಳಿಗೆ ಮಹೋಪಕಾರವನ್ನು ಮಾಡಿತಾದರೂ, ಬೆರಳಚ್ಚುಗಾರನು ನುಡಿಯುವ ಕ್ರಮವನ್ನು ಬಿಟ್ಟು ಅಕ್ಷರವು ಕಾಣುವ ಕ್ರಮದಲ್ಲಿಯೇ ಒತ್ತಬೇಕಾದುದು ತಪ್ಪಲಿಲ್ಲ. ಕಾರ್ಕಳವೆಂದು ಹೊಡೆಯುವಾಗ ರೇಫವನ್ನು ಉಚ್ಚರಿಸುವುದು ಎರಡನೆಯ ಕಕಾರಕ್ಕಿಂತ ಮೊದಲಾದರೂ ಅರ್ಕಾವತ್ತನ್ನು ಒತ್ತುವುದು ಆ ಕಕಾರದ ತರುವಾಯವೇ. ಆ ಅಭ್ಯಾಸವು ಆರು ತಿಂಗಳ ತರಗತಿಗೂ ಸರಕಾರೀ ಪರೀಕ್ಷೆಗೂ ವಿಷಯವಾಯಿತು; ಸಾಮಾನ್ಯ ಜನರ ಕೈಗೆ ಅದು ಬರಲಿಲ್ಲ.

ಇಂಗ್ಲೆಂಡಿನ ಮೊನೊಟೈಪ್ ಮೊದಲಾದ ಸಂಸ್ಥೆಗಳು ಸೀಸವನ್ನು ಕರಗಿಸಿ ಅಕ್ಷರ ಎರೆಯುವ ಯಂತ್ರಗಳಿಂದ ತೊಡಗಿ, ಬೆಳಕಿನಿಂದ ಅಕ್ಷರ ಮೂಡಿಸುವ ಯಂತ್ರಗಳಿಗೆ ಬಂದು, 1976ರ ವೇಳೆಗೆ ಲೇಸರ್ ಕಿರಣದಿಂದಲೇ ಪುಟವನ್ನು ಬರೆಯುವ ಲೇಸರ್‌ಕಾಂಪ್ ಯಂತ್ರದವರೆಗೆ ಮುಂದುವರಿದಿದ್ದುವು. ಗಣಕದ ನೆರವು ದೊರೆತ ಮೇಲೆ ಒಂದು ಹೊಸ ಸಾಧ್ಯತೆ ತೆರೆಯಿತು: ಬರೆಯುವವನು ಧ್ವನಿಯ ಕ್ರಮದಲ್ಲಿ ಅಕ್ಷರವನ್ನು ಸೂಚಿಸಿದರೆ ಸಾಕು, ಅದಕ್ಕೆ ತಕ್ಕ ರೂಪದ ತುಂಡುಗಳನ್ನು ಆಯ್ದು ಜೋಡಿಸುವ ಹೊಣೆಯನ್ನು ಯಂತ್ರವೇ ವಹಿಸಬಹುದು. ಆದರೆ ಈ ಯಂತ್ರಗಳು ದೊಡ್ಡ ಮುದ್ರಣಾಲಯಗಳ ಸೊತ್ತು. ಮೇಷ್ಟರಿಗಾಗಲಿ ಪಂಚಾಯತಿಯ ಕಾರಕೂನನಿಗಾಗಲಿ ಅವು ಕನಸಿನ ಮಾತು.

ಈ ವಿದ್ಯೆಯನ್ನು ಮುದ್ರಣಾಲಯದಿಂದ ಮನೆಗೆ ತಂದವರು ಕಿನ್ನಿಕಂಬಳ ಪದ್ಮನಾಭ ರಾವ್, ಕೆ. ಪಿ. ರಾವ್ ಎಂದೇ ಪ್ರಸಿದ್ಧರು. 1940ರಲ್ಲಿ ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ ಜನಿಸಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ವೃತ್ತಿಜೀವನವನ್ನು ಆರಂಭಿಸಿದ ಇವರು, ಐರಾವತಂ ಮಹಾದೇವನ್ನರ ಸಿಂಧೂಲಿಪಿಯ ಅಧ್ಯಯನದಲ್ಲಿ ಅಕ್ಷರವಿನ್ಯಾಸದ ನೆರವು ನೀಡಿ, ಮೊನೊಟೈಪ್ ಸಂಸ್ಥೆಯಲ್ಲಿ ಕೆಲಸಮಾಡಿ ಭಾರತೀಯ ಲಿಪಿಗಳ ಯಾಂತ್ರಿಕ ಜೋಡಣೆಯ ಮರ್ಮವನ್ನು ಅರಿತು, ಬಳಿಕ ಮಣಿಪಾಲದಲ್ಲಿ ಅಧ್ಯಾಪನದಲ್ಲಿ ತೊಡಗಿದರು. ಇವರು ವೈಯಕ್ತಿಕ ಗಣಕಕ್ಕಾಗಿ ಕನ್ನಡದಲ್ಲಿ ಬರೆಯುವ ಒಂದು ತಂತ್ರಾಂಶವನ್ನು ರಚಿಸಿ, ಅದಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ಸೇಡಿಯಾಪು ಎಂದೇ ಹೆಸರಿಟ್ಟರು. ವ್ಯಾಕರಣ, ಛಂದಸ್ಸುಗಳಲ್ಲಿ ಅಕ್ಷರಧ್ವನಿಯ ಸೂಕ್ಷ್ಮಗಳನ್ನು ವಿಚಾರಿಸಿದ ವಿದ್ವಾಂಸರ ಹೆಸರು ಧ್ವನಿಯನ್ನೇ ಆಧರಿಸಿದ ತಂತ್ರಾಂಶಕ್ಕೆ ಬಂದುದು ಉಚಿತವಾಗಿದೆ.

ಅದರ ಕೀಲಿಮಣೆಯ ರಚನೆ ನೋಡಲು ಅತಿಸರಳ. ವಿಚಾರಿಸಿದಷ್ಟೂ ಅದರ ಚಾತುರ್ಯ ಗೋಚರಿಸುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಕೆತ್ತಿದ ಕೀಲಿಗಳು 26. ಶಿಫ್ಟ್ ಕೀಲಿಯನ್ನೂ ಕೂಡಿಸಿದರೆ ಸ್ಥಾನಗಳು 52. ಕನ್ನಡದ ವರ್ಣಮಾಲೆಯೂ ಹೆಚ್ಚುಕಡಮೆ ಐವತ್ತರದು. ಈ ಸಾಮೀಪ್ಯವನ್ನು ರಾಯರು ಪೂರ್ತಿಯಾಗಿ ಬಳಸಿಕೊಂಡರು. ಕೆ ಒತ್ತಿದರೆ ಕ, ಶಿಫ್ಟಿನೊಡನೆ ಒತ್ತಿದರೆ ಖ. ಜಿ ಒತ್ತಿದರೆ ಗ, ಶಿಫ್ಟಿನೊಡನೆ ಘ. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್. ಟಿ, ಡಿ ಎಂಬ ಕೀಲಿಗಳು ತವರ್ಗಕ್ಕೆ ಸಂದುದರಿಂದ, ಇಂಗ್ಲಿಷಿನಲ್ಲಿದ್ದು ಕನ್ನಡಕ್ಕೆ ನಿರುಪಯೋಗಿಯಾಗಿ ಉಳಿದ ಕ್ಯೂ ಕೀಲಿಯು ಟಕಾರಕ್ಕೂ ಡಬ್ಲ್ಯೂ ಕೀಲಿಯು ಡಕಾರಕ್ಕೂ ಸೇರಿದುವು. ಹೊಸಬನನ್ನು ಎಡವಿಸುವ ಸ್ಥಳಗಳಲ್ಲಿ ಈ ಎರಡೂ ಷಕಾರಕ್ಕೆ ಕೊಟ್ಟ ಎಕ್ಸೂ ಮುಖ್ಯವಾದುವು. ಸ್ವರದ ಕೀಲಿಯು ಪದಾದಿಯಲ್ಲಿ ಸ್ವರಾಕ್ಷರವನ್ನೂ ವ್ಯಂಜನದ ತರುವಾಯ ಗುಣಿತದ ಚಿಹ್ನೆಯನ್ನೂ ಕೊಡುತ್ತದೆ. ಬರೆಯುವವನು ಅದನ್ನು ಯೋಚಿಸಬೇಕಾಗಿಲ್ಲ. ಎಫ್ ಕೀಲಿಯು ಹಲಂತವನ್ನು ಕೊಟ್ಟು ಮುಂದಿನ ವ್ಯಂಜನವನ್ನು ಒತ್ತಾಗಿಸುತ್ತದೆ. ಉಡುಪಿಗೆ ಉ, ಡ, ಉ, ಪ, ಇ ಎಂಬ ಐದು ಕೀಲಿಗಳು. ಕಾರ್ಕಳಕ್ಕೆ ಕ, ಆ, ರ, ಎಫ್, ಕ, ಳ ಎಂಬ ಆರು. ರೇಫವನ್ನು ನುಡಿದಲ್ಲಿಯೇ ಒತ್ತಿದರೆ ಸಾಕು, ಅರ್ಕಾವತ್ತು ತನ್ನ ಜಾಗಕ್ಕೆ ತಾನೇ ಹೋಗಿ ನಿಲ್ಲುವುದು.

ಇದೇ ಕಾಲದಲ್ಲಿ ಕೇಂದ್ರ ಸರಕಾರದ ಇಲೆಕ್ಟ್ರಾನಿಕ್ಸ್ ಇಲಾಖೆಯು 1986ರಲ್ಲಿ ಭಾರತೀಯ ಭಾಷೆಗಳೆಲ್ಲಕ್ಕೂ ಏಕರೂಪವಾದ ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನು ಮುಂದಿಟ್ಟಿತು. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ ಎಂಬ ಅದರ ವಿಭಾಗವು ಶಾಸ್ತ್ರದೃಷ್ಟಿಯಿಂದ ಹೆಚ್ಚು ಸಮರ್ಪಕವಾದುದೆಂದು ಹೇಳುವವರುಂಟು, ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಪೇಟೆಯಲ್ಲಿ ದೊರೆಯುವ ಪ್ರತಿಯೊಂದು ಕೀಲಿಮಣೆಯ ಮೇಲೂ ಇಂಗ್ಲಿಷ್ ಅಕ್ಷರವೇ ಕೆತ್ತಿರುವ ದೇಶದಲ್ಲಿ, ಆ ಅಕ್ಷರಗಳನ್ನು ಶಾಲೆಯಲ್ಲಿ ಕಲಿತುಬಂದ ಹುಡುಗನಿಗೆ ಕೆ ಎಂಬುದು ಕಕಾರವಾಗಿ ಸಿಕ್ಕಿದರೆ, ಬೇರೆ ನಕ್ಷೆಯನ್ನು ಗೋಡೆಗೆ ತೂಗುಹಾಕಿ ಅಭ್ಯಾಸಮಾಡುವ ಪ್ರಮೇಯವೇ ಬರುವುದಿಲ್ಲ. ರಾಯರು ತಮ್ಮ ವಿನ್ಯಾಸಕ್ಕೆ ಸ್ವಾಮ್ಯದ ಹಕ್ಕನ್ನು ಕೋರದೆ ಬಳಸುವವರಿಗೆಲ್ಲ ಬಿಟ್ಟುಕೊಟ್ಟುದರಿಂದ ಅದರ ಪ್ರಸಾರಕ್ಕೆ ತಡೆಯೇ ಇಲ್ಲವಾಯಿತು. ಹೊಸ ಶತಮಾನದ ಆರಂಭದ ವೇಳೆಗೆ ಕರ್ನಾಟಕ ಸರಕಾರವು ಈ ಮಾದರಿಯ ಕೀಲಿಮಣೆಯನ್ನೇ ಅಂಗೀಕರಿಸಿತು; ಕನ್ನಡ ಗಣಕ ಪರಿಷತ್ತು ಸಿದ್ಧಗೊಳಿಸಿದ ನುಡಿ ತಂತ್ರಾಂಶದ ಮೂಲಕ ಅದು ಕಚೇರಿ, ಶಾಲೆ, ಡಿಟಿಪಿ ಅಂಗಡಿಗಳನ್ನು ಹೊಕ್ಕಿತು. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹವೂ ಇಂಗ್ಲಿಷ್ ಕೀಲಿಗಳಿಂದ ಧ್ವನಿಯನುಸಾರ ಕನ್ನಡ ಬರೆಯುವ ಇನ್ನೊಂದು ದಾರಿಯನ್ನು, ಮುಖ್ಯವಾಗಿ ಪರದೇಶದ ಕನ್ನಡಿಗರಿಗೆ, ತೆರೆದುಕೊಟ್ಟಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ರಾಯರಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿದೆ.

ಇಷ್ಟಾದರೂ ಒಂದು ಕೊರತೆ ಬಹುಕಾಲ ಉಳಿದಿತ್ತು. ಕೀಲಿಮಣೆ ಒಂದೇ ಆಗಿದ್ದರೂ ಒಳಗಿನ ಸಂಕೇತ ಒಂದೇ ಆಗಿರಲಿಲ್ಲ. ಒಬ್ಬರ ಫಾಂಟಿನಲ್ಲಿ ಬರೆದುದು ಇನ್ನೊಬ್ಬರ ಯಂತ್ರದಲ್ಲಿ ಅರ್ಥಹೀನವಾದ ಇಂಗ್ಲಿಷ್ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. ಭಾರತೀಯ ಲಿಪಿಗಳಿಗಾಗಿ 1988ರಲ್ಲಿ ರೂಪುಗೊಂಡು 1991ರಲ್ಲಿ ಪರಿಷ್ಕೃತವಾದ ಇಸ್ಕಿ ಸಂಕೇತಮಾಲೆಯು ಈ ರೋಗಕ್ಕೆ ಮದ್ದಾಗಬಹುದಿತ್ತು. ಆದರೆ ವ್ಯಾಪಾರಿ ತಂತ್ರಾಂಶಗಳವರು ತಮ್ಮ ತಮ್ಮ ದಾರಿಯನ್ನೇ ಹಿಡಿದರು. 1991ರಲ್ಲಿ ಹೊರಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಇಸ್ಕಿಯ ಕ್ರಮವನ್ನನುಸರಿಸಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿದ್ದುವಾದರೂ, ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಎಕ್ಸ್‌ಪಿಯು 2001ರಲ್ಲಿ ತುಂಗಾ ಎಂಬ ಕನ್ನಡ ಫಾಂಟಿನೊಡನೆ ಬರುವ ತನಕ ಮನೆಯ ಗಣಕಕ್ಕೆ ಅದರಿಂದ ಪ್ರಯೋಜನವಾಗಲಿಲ್ಲ. ಕಾಗದದ ಮೇಲೆ ಹತ್ತು ವರ್ಷ ಇದ್ದು ಜನಕ್ಕೆ ದಕ್ಕದ ಶೋಧನೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಹಳೆಯ ಸಂಕೇತಗಳಲ್ಲಿ ಬಂಧಿತವಾಗಿರುವ ಬರಹದ ರಾಶಿಯನ್ನು ಪರಿವರ್ತಿಸುವ ಕೆಲಸ ಇಂದಿಗೂ ಮುಗಿದಿಲ್ಲ.

ಮ್ಯಾಕಿಂಟಾಷಿನ ಶಾಖೆಯು ಉಡುಪಿಗೆ ಬಂದುದು ಬೇರೆ ಬಾಗಿಲಿನಿಂದ. ಬೆಂಗಳೂರೇ ತಂತ್ರಾಂಶದ ಏಕೈಕ ನೆಲೆಯೆಂದು ಎಲ್ಲರೂ ನಂಬಿದ್ದ 1996ರಲ್ಲಿ, ರೋಹಿತ್ ಭಟ್ ಎಂಬವರು ಉಡುಪಿಯಲ್ಲಿ ರೋಬೋಸಾಫ್ಟ್ ಎಂಬ ಸಂಸ್ಥೆಯನ್ನು ತೆರೆದು, ಮ್ಯಾಕಿಂಟಾಷ್ ಯಂತ್ರಕ್ಕೆ ತಂತ್ರಾಂಶ ಬರೆಯುವುದನ್ನೇ ಮುಖ್ಯ ವೃತ್ತಿಯಾಗಿಸಿಕೊಂಡರು. ಇತರ ದೇಶಗಳ ಸಂಸ್ಥೆಗಳ ತಂತ್ರಜ್ಞಾನಕ್ಕೆ ಬಳಕೆದಾರನ ಕಣ್ಣಿಗೂ ಕೈಗೂ ಒಪ್ಪುವ ರೂಪವನ್ನು ಕೊಡುವುದೇ ಇದರ ಕಸಬು; 2008ರಲ್ಲಿ ಐಫೋನಿನ ಆ್ಯಪ್ ಸ್ಟೋರ್ ತೆರೆದಾಗ ಆ ಪರಿಣತಿಗೆ ವಿಶಾಲವಾದ ಕ್ಷೇತ್ರ ದೊರೆಯಿತು. ಅದೇ ವರ್ಷ ಉಡುಪಿಯಲ್ಲಿಯೇ ಹುಟ್ಟಿದ 99ಗೇಮ್ಸ್ ಸಂಸ್ಥೆಯು 2014ರಲ್ಲಿ ಹೊರತಂದ ಸ್ಟಾರ್ ಶೆಫ್ ಎಂಬ ಆಟದಲ್ಲಿ ಆಡುವವನು ಹೋಟೆಲು ನಡೆಸಬೇಕು. ದೇಶಕ್ಕೆಲ್ಲ ಹೋಟೆಲುಗಳನ್ನು ಕೊಟ್ಟ ಊರಿನಿಂದ ಅಂಥ ಆಟ ಬಂದುದನ್ನು ಕಂಡು ನಗದಿರುವುದು ಕಷ್ಟ. 2021ರಲ್ಲಿ ಜಪಾನಿನ ಟೆಕ್ನೋಪ್ರೋ ಹೋಲ್ಡಿಂಗ್ಸ್ ರೋಬೋಸಾಫ್ಟನ್ನು 805 ಕೋಟಿ ರೂಪಾಯಿಗಳಿಗೆ ಕೊಂಡುಕೊಂಡಿತು.

ಕಾರ್ಕಳ ತಾಲ್ಲೂಕಿನ ವಿಷಯವಾಗಿ ಹೇಳಬೇಕಾದುದು ಕಡಮೆ. 1986ರಲ್ಲಿ ನಿಟ್ಟೆಯಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು ಈ ಸೀಮೆಯ ಸಂಸ್ಥೆಗಳಿಗೆ ತರುಣರನ್ನು ಒದಗಿಸುತ್ತ ಬಂದಿದೆ. ಅಲ್ಲಿಯ ಕುಚ್ಚಲಕ್ಕಿಯ ಗಿರಣಿಗಳಲ್ಲಿಯೂ ಗೇರುಬೀಜದ ಕಾರ್ಖಾನೆಗಳಲ್ಲಿಯೂ ಪರದೇಶದ ಯಂತ್ರವಿದ್ಯೆ ಬಹಳವಾಗಿ ಬಳಕೆಗೆ ಬಂದಿದೆಯಾದರೂ, ಅವು ಮಾಲಿಕನ ಉಪಕರಣಗಳಾದುದರಿಂದ ಈ ಲೇಖನದ ವ್ಯಾಪ್ತಿಗೆ ಪೂರ್ಣವಾಗಿ ಸಲ್ಲವು.

ಉಡುಪಿ ಸೀಮೆಯ ಅನೇಕರ ಮನೆಮಾತು ತುಳು. ಅದನ್ನು ಅವರು ರೂಢಿಯಿಂದ ಬರೆಯುವುದು ಕನ್ನಡ ಲಿಪಿಯಲ್ಲಿ. ಗೂಗಲ್ ಸಂಸ್ಥೆಯು 2024ರ ಜೂನ್ ತಿಂಗಳಲ್ಲಿ ತನ್ನ ಅನುವಾದ ಯಂತ್ರಕ್ಕೆ ಸೇರಿಸಿದ 110 ಭಾಷೆಗಳಲ್ಲಿ ತುಳುವೂ ಒಂದಾಗಿದ್ದು, ಅದರ ತುಳು ಹೊರಬರುವುದೂ ಕನ್ನಡ ಲಿಪಿಯಲ್ಲಿಯೇ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯುನಿಕೋಡಿನ 16ನೆಯ ಆವೃತ್ತಿಯಲ್ಲಿ ತಾಳೆಗರಿಗಳ ಪ್ರಾಚೀನ ತುಳು-ತಿಗಳಾರಿ ಲಿಪಿಗೆ ಪ್ರತ್ಯೇಕ ಸ್ಥಾನ ಲಭಿಸಿತು. ಸಂಕೇತ ದೊರೆತಷ್ಟರಿಂದಲೇ ಲಿಪಿಯು ಫೋನಿನಲ್ಲಿ ಮೂಡುವುದಿಲ್ಲ. ಫೋನು ತಯಾರಿಸುವ ಸಂಸ್ಥೆಗಳು ಆ ಸಂಕೇತಗಳನ್ನು ತಮ್ಮ ವ್ಯವಸ್ಥೆಯಲ್ಲಿ ಸೇರಿಸಬೇಕು, ಒತ್ತಕ್ಷರಗಳನ್ನು ಸರಿಯಾಗಿ ಕಟ್ಟಬಲ್ಲ ಫಾಂಟುಗಳು ಬರಬೇಕು, ಕನ್ನಡದ ಕೀಲಿಗಳಿಗೆ ಒಗ್ಗಿದ ಬೆರಳುಗಳು ಹೊಸದಾಗಿ ಏನನ್ನೂ ಕಲಿಯದೆ ಈ ಲಿಪಿಯನ್ನು ಬರೆಯುವಂತಹ ಕೀಲಿಮಣೆಯೂ ಸಿದ್ಧವಾಗಬೇಕು.